ಅಂಚಿನಲ್ಲಿ ನಿಂತವರ ಮುಖ: ನೆಗೆಟಿವ್, ಮಸೂರ ಮತ್ತು ನಮ್ಮ ಸೀಮೆಯ ಛಾಯಾಚಿತ್ರಗಳು

ರಾಣೇಬೆನ್ನೂರು ತಾಲೂಕಿನ ಚೌಡಯ್ಯದಾನಪುರದಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಮುಕ್ತೇಶ್ವರ ದೇವಾಲಯವಿರುವುದು ನನ್ನ ವಿದ್ಯಾರ್ಥಿಗಳಿಗೆಲ್ಲ ತಿಳಿದ ಸಂಗತಿ. ಕಾಗಿನೆಲೆಯಿಂದ ಶಾಲಾ ಪ್ರವಾಸವೆಂದರೆ ಅದು ಬಹುಮಟ್ಟಿಗೆ ಅಲ್ಲಿಗೇ ಹೋಗುತ್ತಿತ್ತು. ಆದರೆ ಆ ದೇವಾಲಯದ ಛಾಯಾಚಿತ್ರವನ್ನು 1850ರ ದಶಕದಲ್ಲಿಯೇ ತೆಗೆಯಲಾಗಿತ್ತು ಎಂಬುದು ಎಷ್ಟು ಜನರಿಗೆ ಗೊತ್ತಿದೆಯೋ ಕಾಣೆ. ಛಾಯಾಗ್ರಹಣವೆಂಬ ವಿದ್ಯೆ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಇಪ್ಪತ್ತು ವರ್ಷ ತುಂಬುವುದರೊಳಗಾಗಿ ಅದು ನಮ್ಮ ಹೊಳೆಯ ದಂಡೆಗೆ ಬಂದಿತ್ತು.

ಇತ್ತೀಚೆಗೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಒಂದೇ ಬಗೆಯ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಹಳೆಯ ಮನೆ ಕೆಡವುವಾಗ ಟ್ರಂಕಿನಲ್ಲಿ ನೆಗೆಟಿವ್‌ಗಳು ಸಿಕ್ಕಿವೆ, ಒಂದೊಂದು ಒಂದೊಂದು ಅಳತೆಯವು, ಇವುಗಳಿಂದ ಚಿತ್ರ ತೆಗೆಯಲು ಸಾಧ್ಯವೇ, ಇಟ್ಟುಕೊಳ್ಳಬೇಕೇ, ಎಸೆಯಬೇಕೇ ಎಂದು. ಎಸೆಯಬೇಡಿರಿ ಎಂಬ ಒಂದೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸಬಹುದಿತ್ತು. ಆದರೆ ಏಕೆ ಎಸೆಯಬಾರದು ಎಂಬುದನ್ನು ತಿಳಿಯಬೇಕಾದರೆ ನೆಗೆಟಿವ್‌ನ ಅಳತೆಗೂ ಅದನ್ನು ಮುದ್ರಿಸುವ ಮಸೂರಕ್ಕೂ ಇರುವ ಸಂಬಂಧ ತಿಳಿದಿರಬೇಕು. ಆ ಸಂಬಂಧದ ಚರಿತ್ರೆಯೇ ಈ ಲೇಖನದ ವಿಷಯ.

ಈಸ್ಟ್ ಇಂಡಿಯಾ ಕಂಪನಿಯು ಮುಂಬಯಿ ಪ್ರಾಂತದ ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯಲು 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಫಿರಂಗಿ ದಳದ ಅಧಿಕಾರಿಯನ್ನು ನೇಮಿಸಿತು. ಅವರು ಬಿಜಾಪುರ, ಬಾದಾಮಿ, ಐಹೊಳೆಗಳ ಚಿತ್ರಗಳನ್ನು ತೆಗೆದರು. ಅವರು ಸೈನ್ಯದ ಕೆಲಸಕ್ಕೆ ಮರಳಿದ ಮೇಲೆ ಡಾಕ್ಟರ್ ವಿಲಿಯಂ ಪಿಗೌ ಎಂಬ ವೈದ್ಯರು ಆ ಕಾರ್ಯವನ್ನು ಮುಂದುವರಿಸಿದರು. ಚೌಡಯ್ಯದಾನಪುರ, ಹಾವೇರಿ ತಾಲೂಕಿನ ಗಳಗನಾಥ ಮೊದಲಾದ ನಮ್ಮ ಸೀಮೆಯ ಗುಡಿಗಳು ಈ ಪಿಗೌ ಅವರ ಕ್ಯಾಮೆರಾದಲ್ಲಿ ಸೆರೆಯಾದವು. ಇವರಿಬ್ಬರು ಮತ್ತು ನೀಲ್ ಎಂಬ ಮತ್ತೊಬ್ಬ ವೈದ್ಯರು ತೆಗೆದ ಚಿತ್ರಗಳು 1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಾಶನದಿಂದ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’ ಎಂಬ ದೊಡ್ಡ ಗ್ರಂಥವಾಗಿ ಬಂದವು. ಅದಕ್ಕೆ ಐತಿಹಾಸಿಕ ಟಿಪ್ಪಣಿ ಬರೆದವರು ಸುರಪುರದ ಇತಿಹಾಸದಿಂದ ನಮಗೆ ಪರಿಚಿತರಾದ ಮೆಡೋಸ್ ಟೇಲರ್. ಶಿಲ್ಪದ ಬಗ್ಗೆ ಬರೆದವರು ಜೇಮ್ಸ್ ಫರ್ಗ್ಯುಸನ್. ಅದೇ ಕಾಲದಲ್ಲಿ, 1856ರ ಸುಮಾರಿಗೆ, ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪಿಯ ಚಿತ್ರಗಳನ್ನು ತೆಗೆದರು. ಅವರ ನೆಗೆಟಿವ್‌ಗಳು ಮೇಣ ಹಚ್ಚಿದ ಕಾಗದದವು. ಒಂದೊಂದರ ಅಳತೆ ಸುಮಾರು 16 ಇಂಚು ಅಗಲ, 18 ಇಂಚು ಉದ್ದ!

ನೆಗೆಟಿವ್ ಅಷ್ಟು ದೊಡ್ಡದೇಕೆ ಎಂದು ನೀವು ಕೇಳಬಹುದು. ಕಾರಣ ಸರಳವಾಗಿದೆ. ಆ ಕಾಲದ ಮುದ್ರಣದ ಕಾಗದವು ಬಿಸಿಲಿನಲ್ಲಿಟ್ಟರೆ ಮಾತ್ರ ಕಪ್ಪಾಗುವಂಥದು. ನೆಗೆಟಿವನ್ನು ಕಾಗದದ ಮೇಲೆ ಒತ್ತಿ, ಗಾಜಿನ ಚೌಕಟ್ಟಿನಲ್ಲಿ ಬಿಗಿದು, ಸೂರ್ಯನಿಗೆ ತೋರಿಸಿ ಕಾಯಬೇಕಾಗಿತ್ತು. ಹೀಗಾಗಿ ಚಿತ್ರ ಎಷ್ಟು ದೊಡ್ಡದು ಬೇಕೋ ನೆಗೆಟಿವ್ ಕೂಡ ಅಷ್ಟೇ ದೊಡ್ಡದಾಗಿರಬೇಕು. ನೆಗೆಟಿವ್ ದೊಡ್ಡದಾದರೆ ಕ್ಯಾಮೆರಾ ಒಂದು ಪೆಟ್ಟಿಗೆಯಷ್ಟು ದೊಡ್ಡದು, ಅದನ್ನು ಸಾಗಿಸಲು ಎತ್ತಿನ ಬಂಡಿ, ಹೊರಲು ಆಳು. ಇಷ್ಟೆಲ್ಲ ಸಂಭಾರವಿದ್ದವರು ಅಂದು ಯಾರು? ಕಂಪನಿ ಸರಕಾರ, ಸೈನ್ಯಾಧಿಕಾರಿಗಳು, ರಾಜಮಹಾರಾಜರು. ಆದ್ದರಿಂದಲೇ ಹತ್ತೊಂಬತ್ತನೆಯ ಶತಮಾನದ ನಮ್ಮ ಸೀಮೆಯ ಚಿತ್ರಗಳಲ್ಲಿ ಗುಡಿಗಳು ಕಾಣುತ್ತವೆ; ಗುಡಿಯ ಮುಂದೆ ಬಾಳಿದ ಒಕ್ಕಲಿಗರು, ಕುರುಬರು, ನೇಕಾರರು ಅಪರೂಪಕ್ಕೆ ಕಾಣುತ್ತಾರೆ. ಕಂಡರೂ ಕಂಬದ ಎತ್ತರ ಎಷ್ಟೆಂದು ತೋರಿಸಲು ನಿಲ್ಲಿಸಿದ ಅನಾಮಿಕರಾಗಿ ಕಾಣುತ್ತಾರೆ.

ನೆಗೆಟಿವನ್ನು ದೀಪದ ಬೆಳಕಿನಲ್ಲಿ ಹಿಗ್ಗಿಸಿ ಮುದ್ರಿಸುವ ಪ್ರಯತ್ನಗಳು ಬೇಗನೆ ಪ್ರಾರಂಭವಾಗಿದ್ದವು. ಅಮೆರಿಕದ ಬಾಲ್ಟಿಮೋರಿನ ಡೇವಿಡ್ ವುಡ್‌ವರ್ಡ್ ಎಂಬ ಚಿತ್ರಕಾರರು 1857ರಲ್ಲಿ ಬಿಸಿಲನ್ನೇ ದೀಪವಾಗಿಸಿಕೊಂಡ ಹಿಗ್ಗಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದರು. ಆದರೆ ಅದು ಎಲ್ಲರ ಕೈಗೆಟುಕುವ ಸಾಧನವಾಗಿರಲಿಲ್ಲ. 1880ರ ದಶಕದಲ್ಲಿ ಬೆಳಕಿಗೆ ಬಹುಬೇಗ ಸ್ಪಂದಿಸುವ ಬ್ರೋಮೈಡ್ ಕಾಗದ ಬಂದ ಮೇಲೆಯೇ ಸಾಮಾನ್ಯ ದೀಪದಿಂದ ಹಿಗ್ಗಿಸಿ ಮುದ್ರಿಸುವುದು ಸುಲಭವಾಯಿತು. ಆಮೇಲೆ ನೆಗೆಟಿವ್ ಕುಗ್ಗತೊಡಗಿತು. 1901ರಲ್ಲಿ ಕೊಡಾಕ್ ಕಂಪನಿ ನಾವು ‘120’ ಎಂದು ಕರೆಯುವ ಸುರುಳಿ ಫಿಲ್ಮನ್ನು ತಂದಿತು. 1925ರಲ್ಲಿ ಜರ್ಮನಿಯ ಲೈಟ್ಸ್ ಕಂಪನಿ ಆಸ್ಕರ್ ಬರ್ನಾಕ್ ರೂಪಿಸಿದ ಲೈಕಾ ಕ್ಯಾಮೆರಾವನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ನೆಗೆಟಿವ್ ಕೇವಲ 24 ಮಿ.ಮೀ. ಅಗಲ, 36 ಮಿ.ಮೀ. ಉದ್ದ, ಅಂಚೆ ಚೀಟಿಯಷ್ಟು. ಅದನ್ನು ಹಾಗೆಯೇ ಮುದ್ರಿಸಿದರೆ ಯಾರ ಮುಖವೂ ಗುರುತು ಸಿಗದು. ಆದ್ದರಿಂದ ಲೈಟ್ಸ್ ಕಂಪನಿ ಕ್ಯಾಮೆರಾದ ಜೊತೆಗೆ ಎನ್ಲಾರ್ಜರುಗಳನ್ನೂ ತಯಾರಿಸಬೇಕಾಯಿತು. ಲೈಕಾ ಕ್ಯಾಮೆರಾದ ಮಸೂರಕ್ಕಿದ್ದ 39 ಮಿ.ಮೀ. ತಿರುಪೇ ಮುಂದೆ ಜಗತ್ತಿನ ಬಹುತೇಕ ಎನ್ಲಾರ್ಜರ್ ಮಸೂರಗಳ ತಿರುಪಾಗಿ ನೆಲೆಗೊಂಡಿತು. ಈ ಚಿಕ್ಕ ವಿವರವನ್ನು ನೆನಪಿನಲ್ಲಿಡಿರಿ. ಮುಂದೆ ಅದರ ಪ್ರಸ್ತಾಪ ಬರುತ್ತದೆ.

ಈಗ ಸ್ವಲ್ಪ ಗಣಿತ. ಹತ್ತನೆಯ ತರಗತಿಯಲ್ಲಿ ನಾನು ಪೀನ ಮಸೂರದ ಪಾಠ ಮಾಡುವಾಗ ಮೇಣದ ಬತ್ತಿಯ ತಲೆಕೆಳಗಾದ ಬಿಂಬವನ್ನು ಗೋಡೆಯ ಮೇಲೆ ತೋರಿಸುತ್ತಿದ್ದುದು ನಿಮಗೆ ನೆನಪಿರಬಹುದು. ಎನ್ಲಾರ್ಜರ್ ಎಂದರೆ ಅದೇ ಪ್ರಯೋಗ. ಮೇಣದ ಬತ್ತಿಯ ಸ್ಥಾನದಲ್ಲಿ ಬೆಳಗಿದ ನೆಗೆಟಿವ್, ಗೋಡೆಯ ಸ್ಥಾನದಲ್ಲಿ ಬ್ರೋಮೈಡ್ ಕಾಗದ. ಮಸೂರವು ದುಂಡಗಿನದಾದ್ದರಿಂದ ಅದು ಚೊಕ್ಕಟವಾಗಿ ತೋರಿಸಬಲ್ಲ ಕ್ಷೇತ್ರವೂ ಒಂದು ವೃತ್ತ. ನಮ್ಮ ನೆಗೆಟಿವ್ ಚೌಕ ಅಥವಾ ಆಯತ. ಆಯತದ ನಾಲ್ಕೂ ಮೂಲೆಗಳು ಆ ವೃತ್ತದೊಳಗೆ ಬರಬೇಕಾದರೆ ವೃತ್ತದ ವ್ಯಾಸವು ಆಯತದ ಕರ್ಣಕ್ಕಿಂತ ಕಡಿಮೆಯಿರಬಾರದು. ಸಾಮಾನ್ಯ ಎನ್ಲಾರ್ಜರ್ ಮಸೂರವು ಸರಿಸುಮಾರು ತನ್ನ ಸಂಗಮ ದೂರದಷ್ಟೇ ವ್ಯಾಸದ ವೃತ್ತವನ್ನು ಚೆನ್ನಾಗಿ ತೋರಿಸುತ್ತದೆ. ಇದರಿಂದ ಒಂದು ಸೂತ್ರ ಹುಟ್ಟಿತು: ಮಸೂರದ ಸಂಗಮ ದೂರವು ನೆಗೆಟಿವ್‌ನ ಕರ್ಣದಷ್ಟು ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಇರಬೇಕು.

ಪೈಥಾಗೊರಸನ ಪ್ರಮೇಯವನ್ನು ಹಚ್ಚಿ ನೋಡೋಣ. 24 × 36 ಮಿ.ಮೀ. ನೆಗೆಟಿವ್‌ನ ಕರ್ಣ 43 ಮಿ.ಮೀ.; ಅದಕ್ಕೆ 50 ಮಿ.ಮೀ. ಮಸೂರ. 120 ಫಿಲ್ಮಿನಲ್ಲಿ ಹನ್ನೆರಡು ಚಿತ್ರ ಬರುವ ‘ಆರು-ಆರು’ ನೆಗೆಟಿವ್ ನಿಜವಾಗಿ 56 ಮಿ.ಮೀ. ಚೌಕ. ಕರ್ಣ 79 ಮಿ.ಮೀ.; ಅದಕ್ಕೆ 75 ಅಥವಾ 80 ಮಿ.ಮೀ. ಮಸೂರ. ಅದೇ ಫಿಲ್ಮಿನಲ್ಲಿ ಎಂಟು ಚಿತ್ರ ಬರುವ ‘ಆರು-ಒಂಬತ್ತು’ ನೆಗೆಟಿವ್‌ನ ಕರ್ಣ ಸುಮಾರು 101. ಅದಕ್ಕೆ 105 ಮಿ.ಮೀ. ಹಳೆಯ ಸ್ಟುಡಿಯೋಗಳ ಕ್ವಾರ್ಟರ್ ಪ್ಲೇಟು ಮೂರೂಕಾಲು ಇಂಚು ಅಗಲ, ನಾಲ್ಕೂಕಾಲು ಇಂಚು ಉದ್ದ. ಕರ್ಣ 136, ಅದಕ್ಕೆ 135 ಮಿ.ಮೀ. ಮದುವೆಯ ಗುಂಪು ಚಿತ್ರಗಳಿಗೆ ಬಳಸುತ್ತಿದ್ದ ಹಾಫ್ ಪ್ಲೇಟಿನ ಕರ್ಣ ಸುಮಾರು 204. ಅದಕ್ಕೆ 210 ಮಿ.ಮೀ. ಬೇಕು. ಇಷ್ಟು ದೊಡ್ಡ ಮಸೂರ, ಅದಕ್ಕೆ ತಕ್ಕ ಎನ್ಲಾರ್ಜರ್ ಸಣ್ಣ ಊರಿನ ಸ್ಟುಡಿಯೋದವರಿಗೆ ಎಲ್ಲಿಂದ ಬರಬೇಕು? ಹಾಗಾಗಿ ಅವರು ಹಾಫ್ ಪ್ಲೇಟನ್ನು ಹಿಗ್ಗಿಸದೆ ಕಾಗದಕ್ಕೆ ಒತ್ತಿಯೇ ಮುದ್ರಿಸಿ, ಹಲಗೆಗೆ ಅಂಟಿಸಿ ಕೊಡುತ್ತಿದ್ದರು. ನಮ್ಮ ಅಜ್ಜ-ಅಜ್ಜಿಯರ ಚಿತ್ರಗಳು ಇಂದಿಗೂ ಅಷ್ಟು ಸ್ಪಷ್ಟವಾಗಿರಲು ಇದೂ ಒಂದು ಕಾರಣ. ಅವುಗಳು ಎರಡನೆಯ ಮಸೂರವನ್ನು ಹಾಯ್ದು ಬಂದವುಗಳೇ ಅಲ್ಲ.

ಹಾಗಾದರೆ ಎಲ್ಲ ನೆಗೆಟಿವ್‌ಗಳಿಗೂ ದೊಡ್ಡ ಮಸೂರವನ್ನೇ ಹಾಕಿದರೆ ಮುಗಿಯಿತಲ್ಲ ಎಂದು ಬುದ್ಧಿವಂತ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಹಾಕಬಹುದು, ಆದರೆ ಎತ್ತರ ಸಾಲದು. 36 ಮಿ.ಮೀ. ಉದ್ದದ ನೆಗೆಟಿವನ್ನು 12 ಇಂಚಿಗೆ ಹಿಗ್ಗಿಸುವುದೆಂದರೆ ಎಂಟೂವರೆ ಪಟ್ಟು ದೊಡ್ಡದು ಮಾಡುವುದು. 50 ಮಿ.ಮೀ. ಮಸೂರವಿದ್ದರೆ ನೆಗೆಟಿವ್‌ನಿಂದ ಕಾಗದಕ್ಕೆ ಸುಮಾರು 53 ಸೆಂ.ಮೀ. ದೂರ ಸಾಕು. 80 ಮಿ.ಮೀ. ಮಸೂರ ಹಾಕಿದರೆ 85 ಸೆಂ.ಮೀ. ಬೇಕಾಗುತ್ತದೆ. ಸಾಮಾನ್ಯ ಎನ್ಲಾರ್ಜರಿನ ಕಂಬ ಅಷ್ಟು ಎತ್ತರ ಇರುವುದಿಲ್ಲ. ಆಗ ಯಂತ್ರದ ತಲೆಯನ್ನು ಮೇಜಿನ ಹೊರಕ್ಕೆ ತಿರುಗಿಸಿ, ಬುಡದ ಮೇಲೆ ಭಾರ ಹೇರಿ, ನೆಲದ ಮೇಲೆ ಕಾಗದವಿಟ್ಟು ಮುದ್ರಿಸಬೇಕು.  ಹೀಗೆ ದೊಡ್ಡ ಮಸೂರದಿಂದ ಅನಾನುಕೂಲವಾಗುತ್ತದೆಯೇ ಹೊರತು ಚಿತ್ರ ಕೆಡುವುದಿಲ್ಲ. ಸಣ್ಣ ಮಸೂರ ಹಾಕಿದರೆ ಚಿತ್ರವೇ ಕೆಡುತ್ತದೆ.

ಅದು ಹೇಗೆ ಕೆಡುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡದ್ದು 1986ರಲ್ಲಿ. ಆ ವರ್ಷದ ಹತ್ತನೆಯ ತರಗತಿಯ ಗುಂಪು ಚಿತ್ರವನ್ನು ಸ್ಟುಡಿಯೋದವರೊಬ್ಬರು ಆರು-ಆರರ ಕ್ಯಾಮೆರಾದಲ್ಲಿ ತೆಗೆದಿದ್ದರು. ಬೆಂಚಿನ ಮೇಲೆ ಶಿಕ್ಷಕರು, ಕೆಳಗೆ ಹುಡುಗಿಯರು, ಹಿಂದೆ ಎರಡು ಸಾಲು ಹುಡುಗರು. ಮುದ್ರಿತ ಚಿತ್ರ ಬಂದಾಗ ನಡುವೆ ಕುಳಿತ ನಾವೆಲ್ಲ ಚೆನ್ನಾಗಿಯೇ ಇದ್ದೆವು. ಸಾಲಿನ ಎರಡೂ ತುದಿಗಳಲ್ಲಿ ನಿಂತ ಹುಡುಗರು ಮಾತ್ರ ಮಬ್ಬುಗತ್ತಲೆಯಲ್ಲಿ ಕರಗಿಹೋಗಿದ್ದರು. ಪಕ್ಕದ ಹಳ್ಳಿಯ ಒಬ್ಬ ರೈತರು ಚಿತ್ರದ ಹಣ ಕೊಟ್ಟು, ಬೆಳಕಿಗೆ ಹಿಡಿದು ನೋಡಿ, “ಮಾಸ್ತರ, ನಮ್ಮ ಹುಡುಗ ಇದರಾಗ ಎಲ್ಲಿ ಅದಾನ್ರಿ?” ಎಂದು ಕೇಳಿದರು. ಆ ಹುಡುಗ ಎಡತುದಿಯಲ್ಲಿದ್ದ. ಅವನ ಅಂಗಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

ಬಿಸಿಲು ಸರಿಯಾಗಿ ಬಿದ್ದಿಲ್ಲ ಎಂಬುದು ಸ್ಟುಡಿಯೋದವರು ಕೊಟ್ಟ ಕಾರಣ. ನಾನು ನೆಗೆಟಿವನ್ನು ಬೇಡಿ ತೆಗೆದುಕೊಂಡು ಕಿಟಕಿಗೆ ಹಿಡಿದು ನೋಡಿದೆ. ತುದಿಯ ಹುಡುಗರು ನಡುವಿನವರಷ್ಟೇ ಸ್ಪಷ್ಟವಾಗಿದ್ದರು! ತಪ್ಪು ಕ್ಯಾಮೆರಾದ್ದಾಗಿರಲಿಲ್ಲ, ಬಿಸಿಲಿನದ್ದೂ ಆಗಿರಲಿಲ್ಲ. ಅವರ ಎನ್ಲಾರ್ಜರಿನಲ್ಲಿದ್ದದ್ದು ಸಣ್ಣ ಫಿಲ್ಮಿಗೆಂದು ಕೊಂಡ 50 ಮಿ.ಮೀ. ಮಸೂರವೊಂದೇ. ಸಣ್ಣ ನೆಗೆಟಿವ್‌ನ ಮೂಲೆ ಅದರ ನಡುಬಿಂದುವಿನಿಂದ 22 ಮಿ.ಮೀ. ದೂರದೊಳಗಿರುತ್ತದೆ, ಆ ಮಸೂರ ಅಷ್ಟನ್ನು ನಿಭಾಯಿಸುತ್ತದೆ. ಆರು-ಆರರ ನೆಗೆಟಿವ್‌ನ ಪಕ್ಕದ ಅಂಚೇ ನಡುಬಿಂದುವಿನಿಂದ 28 ಮಿ.ಮೀ. ದೂರ, ಮೂಲೆಯಂತೂ 40 ಮಿ.ಮೀ. ದೂರ. ಸಾಲಿನ ತುದಿಯ ಹುಡುಗರು ಮಸೂರದ ವೃತ್ತದ ಹೊರಗೆ ನಿಂತಿದ್ದರು. ಅಲ್ಲಿಗೆ ಬೆಳಕು ಸರಿಯಾಗಿ ತಲುಪದೆ ಕಾಗದ ಬೆಳ್ಳಗೆ ಉಳಿಯಬೇಕಲ್ಲವೇ ಎಂದು ಕೇಳುವವರಿಗೆ ಹೇಳುತ್ತೇನೆ: ಉಳಿದಿತ್ತು. ಅಂಚು ಬಿಳಿಚಿದೆಯೆಂದು ಅಲ್ಲಿಗೆ ಮಾತ್ರ ಹೆಚ್ಚು ಹೊತ್ತು ಬೆಳಕು ಕೊಟ್ಟು ಮುಚ್ಚಿಹಾಕುವ ಪ್ರಯತ್ನದಲ್ಲಿ ಅದು ಮಸಿಯಾಗಿತ್ತು. 39 ಮಿ.ಮೀ. ತಿರುಪಿನ ಮಾತನ್ನು ಈಗ ನೆನೆಯಿರಿ. ಬೇರೆ ಬೇರೆ ಅಳತೆಯ ಮಸೂರಗಳು ಆ ತಿರುಪಿಗೆ ಕೂರುತ್ತವೆ. ತಿರುಪು ಹೊಂದಿತೆಂದ ಮಾತ್ರಕ್ಕೆ ಮಸೂರ ಹೊಂದಿತೆಂದು ತಿಳಿಯಬಾರದು.

ಅದೇ ನೆಗೆಟಿವನ್ನು ನಾನು ಬೇರೊಂದು ಊರಿನ ಹಿರಿಯ ಛಾಯಾಗ್ರಾಹಕರ ಬಳಿಗೆ ಒಯ್ದೆ. ಅವರಲ್ಲಿ 80 ಮಿ.ಮೀ. ಮಸೂರವಿತ್ತು. ಅವರು ಮೊದಲು ಎನ್ಲಾರ್ಜರಿನ ತಲೆಯೊಳಗಿದ್ದ ಕಂಡೆನ್ಸರ್ ಗಾಜುಗಳನ್ನು ಬದಲಿಸಿದರು. ದೀಪದ ಬೆಳಕನ್ನು ನೆಗೆಟಿವ್‌ನ ಮೇಲೆ ಸಮನಾಗಿ ಹರಡುವ ಗಾಜುಗಳವು. ಮಸೂರ ಬದಲಿಸಿ ಅವುಗಳನ್ನು ಬದಲಿಸದಿದ್ದರೂ ಮೂಲೆ ಕಾಣದೆ ಹೋಗುತ್ತದೆ. ಬಳಿಕ ಮಸೂರದ ರಂಧ್ರವನ್ನು ಪೂರ್ತಿ ತೆರೆದು ಬಿಂಬವನ್ನು ಸ್ಪಷ್ಟ ಮಾಡಿಕೊಂಡು, ಎರಡು ಹಂತ ಕಿರಿದು ಮಾಡಿ ಎಫ್ 8ಕ್ಕೆ ನಿಲ್ಲಿಸಿದರು. ಕೆಂಪು ದೀಪದ ಮಂದ ಬೆಳಕಿನಲ್ಲಿ, ಡೆವಲಪರ್ ತಟ್ಟೆಯೊಳಗೆ, ಕಾಗದದ ಮೇಲೆ ಎಲ್ಲ ಮುಖಗಳೂ ಒಟ್ಟಿಗೆ ಮೂಡಿಬಂದವು. ಎಡತುದಿಯ ಹುಡುಗ ನಗುತ್ತಿದ್ದ. ಅವನು ಮುಂದೆ ಓದಲಿಲ್ಲ. ಇಪ್ಪತ್ತು ತುಂಬುವ ಮೊದಲೇ ಜ್ವರದಿಂದ ತೀರಿಕೊಂಡ. ಅವನ ಮನೆಯಲ್ಲಿ ಇಂದಿಗೂ ಗೋಡೆಯ ಮೇಲಿರುವುದು ಆ ಗುಂಪು ಚಿತ್ರದಿಂದ ಬೇರ್ಪಡಿಸಿ ಹಿಗ್ಗಿಸಿದ ಆ ಒಂದು ಮುಖ. ಅವನ ಬೇರೆ ಚಿತ್ರವಿಲ್ಲ.

ಆ ಸ್ಟುಡಿಯೋದವರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಆ ಕಾಲದ ಪರಿಸ್ಥಿತಿ ಹಾಗಿತ್ತು. ನಮ್ಮಲ್ಲಿ ಜನಸಾಮಾನ್ಯರ ಕೈಗೆ ಬಂದ ಕ್ಯಾಮೆರಾ ಎಂದರೆ ಬರೋಡೆಯ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸುತ್ತಿದ್ದ ಆಗ್ಫಾ ಕ್ಲಿಕ್-3. ಅದು ಆರು-ಆರರ ನೆಗೆಟಿವ್ ಕೊಡುತ್ತಿತ್ತು. ಫಿಲ್ಮಿನ ವಿಷಯದಲ್ಲಿ ದೇಶ ಸ್ವಾವಲಂಬಿಯಾಗಬೇಕೆಂದು 1960ರಲ್ಲಿ ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರಕಾರಿ ಸಂಸ್ಥೆ ಸ್ಥಾಪನೆಯಾಗಿ, 1967ರಿಂದ ‘ಇಂದು’ ಹೆಸರಿನ ಫಿಲ್ಮು, ಕಾಗದಗಳು ಬರತೊಡಗಿದವು. ಪೂರ್ವ ಜರ್ಮನಿಯ ‘ಓರ್ವೋ’ ಕೂಡ ಸಿಗುತ್ತಿತ್ತು. ಒಳ್ಳೆಯ ಮಸೂರ ಮಾತ್ರ ಹೊರದೇಶದಿಂದಲೇ ಬರಬೇಕು. ಜರ್ಮನಿಯ ಕಾಂಪೋನಾನ್, ರೋಡಗಾನ್, ಜಪಾನಿನ ಇಎಲ್-ನಿಕ್ಕಾರ್ ಇವುಗಳ ಒಳ್ಳೆಯ ಮಾದರಿಗಳಲ್ಲಿ ಆರು ಗಾಜುಗಳಿರುತ್ತಿದ್ದವು; ನೆಗೆಟಿವ್‌ನಂಥ ಚಪ್ಪಟೆ ವಸ್ತುವನ್ನು ಹತ್ತಿರದಿಂದ ಅಂಚಿನವರೆಗೂ ಸಮನಾಗಿ ತೋರಿಸಲೆಂದೇ ಅವುಗಳನ್ನು ರೂಪಿಸಲಾಗಿತ್ತು. ಅಗ್ಗದವುಗಳಲ್ಲಿ ಮೂರೇ ಗಾಜು. ಆಮದು ನಿರ್ಬಂಧದ ಆ ದಿನಗಳಲ್ಲಿ ಬ್ಯಾಡಗಿಯಂಥ ಊರಿನ ಸ್ಟುಡಿಯೋದವರಿಗೆ ಎರಡೆರಡು ಮಸೂರ ಕೊಳ್ಳುವುದೆಂದರೆ ಸಾಮಾನ್ಯದ ಮಾತಾಗಿರಲಿಲ್ಲ. ಮದುವೆಯವರೂ, ಪಾಸ್‌ಪೋರ್ಟ್ ಅಳತೆಯ ಚಿತ್ರ ಬೇಕಾದ ಪರೀಕ್ಷಾರ್ಥಿಗಳೂ ಕೇಳುತ್ತಿದ್ದದ್ದು ಬೇಗ ಮತ್ತು ಅಗ್ಗವಾಗಿ. ಪಾಸ್‌ಪೋರ್ಟ್ ಚಿತ್ರದಲ್ಲಿ ಮುಖ ನಡುವೆಯೇ ಇರುತ್ತದೆ. ಯಾವ ಮಸೂರವಾದರೂ ನಡೆಯುತ್ತದೆ. ತೊಂದರೆಯಾದದ್ದು ಗುಂಪಿನಲ್ಲಿ ಅಂಚಿಗೆ ನಿಂತವರಿಗೆ.

ನಮ್ಮ ರಾಜ್ಯದಲ್ಲಿ ಈ ವಿದ್ಯೆಯನ್ನು ಬಹು ಎತ್ತರಕ್ಕೆ ಒಯ್ದವರೂ ಇದ್ದಾರೆ. ಬೆಂಗಳೂರಿನ ಡಾಕ್ಟರ್ ಜಿ. ಥಾಮಸ್, ವನ್ಯಜೀವಿಗಳ ಚಿತ್ರಗಳಿಂದ ಜಗತ್ಪ್ರಸಿದ್ಧರಾದ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಇವರ ಹೆಸರನ್ನು ನೀವು ಕೇಳಿರಬಹುದು. 1971ರಲ್ಲಿ ಪ್ರಾರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಎಷ್ಟೋ ತರುಣರಿಗೆ ಛಾಯಾಗ್ರಹಣ ಕಲಿಸಿತು. ಕಪ್ಪು-ಬಿಳುಪಿನ ಆ ಕಾಲದಲ್ಲಿ ಚಿತ್ರ ತೆಗೆಯುವುದು ಅರ್ಧ ಕೆಲಸ, ಕತ್ತಲೆ ಕೋಣೆಯಲ್ಲಿ ಮುದ್ರಿಸುವುದು ಇನ್ನರ್ಧ ಎಂಬುದು ಇಂಥವರಿಗೆಲ್ಲ ತಿಳಿದಿದ್ದ ವಿಷಯ. ನಮ್ಮ ಹಳ್ಳಿಗಳ ಕಡೆಗೆ ಆ ಇನ್ನರ್ಧ ಪೂರ್ತಿಯಾಗಿ ಬಂದು ಮುಟ್ಟುವಷ್ಟರಲ್ಲಿ ಬಣ್ಣದ ಲ್ಯಾಬುಗಳು ಬಂದವು. 1990ರ ದಶಕದಲ್ಲಿ ಸ್ಟುಡಿಯೋಗಳ ಕತ್ತಲೆ ಕೋಣೆಗಳು ಒಂದೊಂದಾಗಿ ಸಾಮಾನು ಇಡುವ ಕೋಣೆಗಳಾದವು. ಆಮೇಲೆ ಡಿಜಿಟಲ್ ಯುಗ. ಊಟಿಯ ಆ ಕಾರ್ಖಾನೆಯೂ ಮುಚ್ಚಿಹೋಯಿತು. ಎನ್ಲಾರ್ಜರುಗಳು ಗುಜರಿ ಸೇರಿದವು. ಅವುಗಳ ಜೊತೆಗೆ ಚೀಲಗಟ್ಟಲೆ ನೆಗೆಟಿವ್‌ಗಳೂ ಹೋದವು.

ಇದರಿಂದ ನಮಗಾದ ನಷ್ಟವೇನು? ಗೋಡೆಯ ಮೇಲಿನ ಚಿತ್ರ ಒಂದು ಮಸೂರದ, ಒಂದು ದಿನದ, ಒಬ್ಬ ಕೆಲಸಗಾರನ ಅವಸರದ ಫಲ. ನೆಗೆಟಿವ್‌ನಲ್ಲಿ ಅದಕ್ಕಿಂತ ಹೆಚ್ಚಿನದು ಇರುತ್ತದೆ. ಮುದ್ರಿಸುವಾಗ ಕತ್ತರಿಸಿ ಬಿಟ್ಟ ಅಂಚು, ಮಸೂರ ತೋರಿಸದೆ ಬಿಟ್ಟ ಮೂಲೆ ಎಲ್ಲವೂ ಅಲ್ಲಿರುತ್ತವೆ. ಗುಂಪಿನ ನಡುವೆ ಯಾರು ಕೂಡುತ್ತಾರೆ, ಅಂಚಿನಲ್ಲಿ ಯಾರು ನಿಲ್ಲುತ್ತಾರೆ ಎಂಬುದು ನಿಮಗೆ ಗೊತ್ತೇ ಇದೆ. ಮನೆಯ ಚಿತ್ರದಲ್ಲಿ ಅಂಚಿನಲ್ಲಿ ನಿಂತವಳು ವಿಧವೆಯಾದ ಸೋದರತ್ತೆ ಇರಬಹುದು, ಹೊಲದ ಆಳುಮಗ ಇರಬಹುದು. ಅವರ ಪ್ರತ್ಯೇಕ ಚಿತ್ರವನ್ನು ಯಾರೂ ತೆಗೆಸಿರುವುದಿಲ್ಲ. ಕುಲ ಕುಲವೆಂದು ಹೊಡೆದಾಡದಿರಿ ಎಂದು ಹೇಳಿದ ಕನಕದಾಸರ ನೆಲದವರಾದ ನಾವು ಅಂಚಿನವರನ್ನು ಮರೆಯುವುದು ಸಲ್ಲದು.

ಆದ್ದರಿಂದ ನಿಮ್ಮ ಟ್ರಂಕಿನಲ್ಲಿ ನೆಗೆಟಿವ್ ಸಿಕ್ಕರೆ ಹೀಗೆ ಮಾಡಿರಿ. ಕೈ ತೊಳೆದು ಒರೆಸಿಕೊಂಡು, ಅಂಚನ್ನಷ್ಟೇ ಹಿಡಿದು ಅಳತೆಪಟ್ಟಿಯಿಂದ ಅಳೆಯಿರಿ. ಅಂಚಿನಲ್ಲಿ ಸಾಲುರಂಧ್ರಗಳಿದ್ದರೆ ಅದು ಬಹುಮಟ್ಟಿಗೆ 35 ಮಿ.ಮೀ. ಫಿಲ್ಮು. ರಂಧ್ರವಿಲ್ಲದೆ 56 ಮಿ.ಮೀ. ಚೌಕವಾಗಿದ್ದರೆ 120. ಗಾಜಿನದಾಗಿದ್ದರೆ ಪ್ಲೇಟು, ಅದನ್ನು ಒಂದರ ಮೇಲೊಂದು ಪೇರಿಸದೆ ಕಾಗದ ಸುತ್ತಿ ನೆಟ್ಟಗೆ ನಿಲ್ಲಿಸಿಡಿರಿ. ಹುಳಿ ವಾಸನೆ ಬರುವ ಫಿಲ್ಮು ಕೆಡುತ್ತಿದೆ ಎಂದು ತಿಳಿದು ಅದನ್ನು ಬೇರೆಯಿಟ್ಟು ಮೊದಲು ಅದರ ಪ್ರತಿ ಮಾಡಿಸಿರಿ. 1950ಕ್ಕಿಂತ ಹಿಂದಿನ ಫಿಲ್ಮಾಗಿದ್ದರೆ ಬೇಗ ಬೆಂಕಿ ಹತ್ತುವ ನೈಟ್ರೇಟ್ ಇರಬಹುದು. ಒಲೆ, ದೀಪಗಳಿಂದ ದೂರವಿಡಿರಿ. ಅಗ್ಗದ ಪ್ಲಾಸ್ಟಿಕ್ ಚೀಲ ಬೇಡ, ಕಾಗದದ ಲಕೋಟೆ ಸಾಕು.

ಪ್ರತಿ ಮಾಡಿಸುವಾಗ ಸ್ಕ್ಯಾನರ್ ಇರುವವರನ್ನು ಒಂದು ಪ್ರಶ್ನೆ ತಪ್ಪದೆ ಕೇಳಿರಿ: ಈ ಅಳತೆಯ ನೆಗೆಟಿವ್ ಹಿಡಿಯುವ ಚೌಕಟ್ಟು, ಅದರ ಪೂರ್ತಿ ಅಗಲಕ್ಕೆ ಬೆಳಕು ಹಾಯಿಸುವ ವ್ಯವಸ್ಥೆ ನಿಮ್ಮಲ್ಲಿದೆಯೇ? 35 ಮಿ.ಮೀ.ಗೆ ಮಾತ್ರ ಇರುವ ಯಂತ್ರದಲ್ಲಿ ಆರು-ಆರರ ನೆಗೆಟಿವ್ ಹಾಕಿದರೆ ಹಿಂದೆ ಆದ ಅನ್ಯಾಯವೇ ಮತ್ತೆ ಆಗುತ್ತದೆ. ಎನ್ಲಾರ್ಜರ್ ಉಳಿಸಿಕೊಂಡವರು ಸಿಕ್ಕರೆ ಮಸೂರದ ಮುಂದಿನ ಬಳೆಯ ಮೇಲೆ ಕೆತ್ತಿರುವ ಅಂಕಿಯನ್ನು ಓದಿರಿ. ಅದು ನಿಮ್ಮ ನೆಗೆಟಿವ್‌ನ ಕರ್ಣಕ್ಕಿಂತ ಬಹಳ ಕಡಿಮೆಯಿದ್ದರೆ ವಿನಯದಿಂದ ನೆಗೆಟಿವನ್ನು ಮರಳಿ ಪಡೆಯಿರಿ. ಚಿತ್ರ ಕೈಗೆ ಬಂದ ಮೇಲೆ ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು ಎಡದಿಂದ ಬಲಕ್ಕೆ ಎಲ್ಲರ ಹೆಸರನ್ನೂ ಬರೆದಿಡಿರಿ. ಹೆಸರು ಹೇಳಬಲ್ಲವರು ಇರುವಾಗಲೇ ಈ ಕೆಲಸವಾಗಬೇಕು. ಮೊದಲು ತುದಿಯವರಿಂದ ಪ್ರಾರಂಭಿಸಿರಿ. ನಡುವಿನವರ ಹೆಸರು ಹೇಗೂ ಎಲ್ಲರಿಗೂ ಗೊತ್ತಿರುತ್ತದೆ.